ಬೈಂಡಿಂಗ್ ಅಂಗಡಿಯ ಹುಡುಗ ಬರೆದ ನೋಟ್ಸ್

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಮೈಕೆಲ್ ಫ್ಯಾರಡೆ ಎಂಬ ಹೆಸರು ನಮಗೆಲ್ಲ ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಪರಿಚಯವಾಗುತ್ತದೆ. ತಂತಿಯ ಸುರುಳಿ, ಅಯಸ್ಕಾಂತ, ಗ್ಯಾಲ್ವನೋಮೀಟರಿನ ಮುಳ್ಳು ಇರುವ ಚಿತ್ರದ ಪಕ್ಕದಲ್ಲಿ ಆ ಹೆಸರು ಬರುತ್ತದೆ. ಪರೀಕ್ಷೆ ಮುಗಿಸಿ ಕಾಮರ್ಸ್‌ಗೆ ಬಂದ ನಮ್ಮಂಥವರು ಅವರನ್ನು ಅಲ್ಲೇ ಬಿಟ್ಟು ಬಂದಿರುತ್ತೇವೆ. ಆದರೆ ಅವರ ಜೀವನವನ್ನು ಓದಿದರೆ ಅವರು ಸೈನ್ಸ್ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದವರಲ್ಲ ಅನಿಸುತ್ತದೆ. ಕಾಲೇಜಿನ ಮೆಟ್ಟಿಲು ಹತ್ತದ, ಯಾವ ಸರ್ಟಿಫಿಕೇಟೂ ಇಲ್ಲದ ಒಬ್ಬ ಹುಡುಗನಿಗೆ ಪ್ರಯೋಗಾಲಯದ ಬಾಗಿಲು ತೆರೆಯಲು ಕಾರಣವಾದ ಮುಖ್ಯ ವಸ್ತು ಒಂದು ನೋಟ್ಸ್ ಪುಸ್ತಕ. ಸಾಯುವವರೆಗೂ ಅವರನ್ನು ಕಾಪಾಡಿದ್ದೂ ನೋಟ್ಸ್ ಪುಸ್ತಕಗಳೇ. ಹಾಗಾಗಿ ಈ ಲೇಖನದಲ್ಲಿ ವಿದ್ಯುತ್ತಿನ ವಿಷಯ ಕಡಿಮೆ, ಪೆನ್ನು ಕಾಗದದ ವಿಷಯ ಹೆಚ್ಚು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ ನಗರದೊಳಗೆ ಸೇರಿಹೋಗಿರುವ ನ್ಯೂಯಿಂಗ್ಟನ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಅವರ ಆರೋಗ್ಯ ಸರಿ ಇರಲಿಲ್ಲ, ಎಷ್ಟೋ ದಿನ ಕುಲುಮೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ತಾಯಿ ಮಾರ್ಗರೆಟ್ ಹೇಗೋ ನಾಲ್ಕು ಮಕ್ಕಳನ್ನು ಸಾಕಿದರು. 1801ರಲ್ಲಿ ಧಾನ್ಯದ ಬೆಲೆ ಬಹಳ ಏರಿದಾಗ ಮೈಕೆಲ್‌ನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು ಸಿಗುತ್ತಿತ್ತು, ಅದರಲ್ಲೇ ವಾರ ಕಳೆಯಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ. ಅಷ್ಟಕ್ಕೇ ಶಾಲೆ ಮುಗಿಯಿತು.

1804ರಲ್ಲಿ, ಹದಿಮೂರನೇ ವಯಸ್ಸಿಗೆ, ಬ್ಲ್ಯಾಂಡ್‌ಫರ್ಡ್ ಬೀದಿಯಲ್ಲಿದ್ದ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಮೈಕೆಲ್ ಓಡಾಟದ ಕೆಲಸಕ್ಕೆ ಸೇರಿದ. ಮನೆಮನೆಗೆ ಪೇಪರ್ ಕೊಡುವುದು, ಓದಿಯಾದ ಮೇಲೆ ವಾಪಸ್ ತರುವುದು. ಮರುವರ್ಷ ರೀಬೋ ಅವನನ್ನು ಏಳು ವರ್ಷಕ್ಕೆ ಬೈಂಡಿಂಗ್ ಕಲಿಯಲು ಇಟ್ಟುಕೊಂಡರು. ಆಗಿನ ಪದ್ಧತಿಯಂತೆ ಕೆಲಸ ಕಲಿಯುವವನ ಮನೆಯವರು ಹಣ ಕಟ್ಟಬೇಕಿತ್ತು. ಹುಡುಗ ನಿಯತ್ತಿನಿಂದ ದುಡಿದಿದ್ದಾನೆ ಎಂದು ರೀಬೋ ಆ ಹಣವನ್ನು ಬಿಟ್ಟುಬಿಟ್ಟರು. ನಮ್ಮ ಮನೆಯ ಉರ್ದುವಿನಲ್ಲಿ ಬೈಂಡಿಂಗ್ ಮಾಡುವವರನ್ನು ಜಿಲ್ದ್‌ಸಾಜ್ ಎನ್ನುತ್ತಾರೆ. ಆ ಪದದಲ್ಲಿ ಸ್ವಲ್ಪ ಗೌರವ ಇದೆ. ಜಿಲ್ದ್‌ಸಾಜ್ ಎಂದರೆ ಹೊಲಿಗೆ, ಅಂಟು, ಚರ್ಮದ ಕೆಲಸ ಗೊತ್ತಿರುವವನು. ಹೊಲಿಗೆಗೆ ಬಂದ ಪುಸ್ತಕವನ್ನು ತೆರೆದು ಓದಬೇಕು ಎಂಬ ನಿಯಮವೇನೂ ಅವನಿಗಿಲ್ಲ. ಮೈಕೆಲ್ ಓದಿದ. ರೀಬೋ ಅದಕ್ಕೆ ಅಡ್ಡಿ ಮಾಡಲಿಲ್ಲ, ನನ್ನ ಪ್ರಕಾರ ಈ ಕಥೆಯಲ್ಲಿ ಅತಿ ಕಡಿಮೆ ಹೊಗಳಿಕೆ ಸಿಕ್ಕ ಮನುಷ್ಯ ಅವರೇ.

ಬೈಂಡಿಂಗ್‌ಗೆ ಬಂದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟದಲ್ಲಿ ವಿದ್ಯುತ್ತಿನ ಬಗ್ಗೆ ಒಂದು ದೀರ್ಘ ಲೇಖನ ಇತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಕೈಗೆ ಸಿಕ್ಕಿತು. ಈ ಎರಡರಿಂದ ವಿಷಯ ಸಿಕ್ಕಿತು. ಆದರೆ ಕಲಿಯುವುದು ಹೇಗೆ ಎಂಬುದು ಸಿಕ್ಕಿದ್ದು ಮೂರನೆಯ ಪುಸ್ತಕದಿಂದ. ಐಸಾಕ್ ವಾಟ್ಸ್ ಎಂಬ ಪಾದ್ರಿ ಹದಿನೆಂಟನೇ ಶತಮಾನದಲ್ಲಿ ಮನಸ್ಸನ್ನು ತಿದ್ದಿಕೊಳ್ಳುವ ಬಗ್ಗೆ ಬರೆದ ಪುಸ್ತಕ ಅದು. ಓದಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡು, ಉಪನ್ಯಾಸಗಳಿಗೆ ಹೋಗು, ಗೆಳೆಯರೊಂದಿಗೆ ಪತ್ರ ಬರೆದು ಚರ್ಚೆ ಮಾಡು ಎಂಬಂಥ ಸಲಹೆಗಳು ಅದರಲ್ಲಿವೆ. ಇಂಥ ಸಲಹೆಗಳನ್ನು ನಾವೂ ಪ್ರತಿ ವರ್ಷ ಓರಿಯೆಂಟೇಶನ್ ದಿನ ಕೇಳುತ್ತೇವೆ, ಚಪ್ಪಾಳೆ ತಟ್ಟಿ ಮರೆಯುತ್ತೇವೆ. ಮೈಕೆಲ್ ಒಂದೊಂದನ್ನೂ ಮಾಡಿ ನೋಡಿದ. 1809ರಲ್ಲಿ ಪೇಪರ್‌ನಲ್ಲಿ, ಪುಸ್ತಕದಲ್ಲಿ ಕಂಡ ವಿಜ್ಞಾನದ ಸಂಗತಿಗಳನ್ನೆಲ್ಲ ಸೇರಿಸಿ ಬರೆಯುವ ಒಂದು ಸಂಗ್ರಹ ಆರಂಭಿಸಿದ. ಉರ್ದು ಬಲ್ಲ ಮನೆಗಳಲ್ಲಿ ಹಿರಿಯರು ಬಯಾಜ್ ಎಂಬ ಸಣ್ಣ ಪುಸ್ತಕ ಇಟ್ಟುಕೊಳ್ಳುತ್ತಿದ್ದರು, ಅದರಲ್ಲಿ ಇಷ್ಟವಾದ ಶೇರ್‌ಗಳು, ಮನೆಮದ್ದು, ಯಾರದೋ ವಿಳಾಸ ಎಲ್ಲ ಇರುತ್ತಿತ್ತು. ಮೈಕೆಲ್‌ನ ಸಂಗ್ರಹವೂ ಒಂದು ರೀತಿಯ ಬಯಾಜ್, ಶೇರ್‌ಗಳ ಬದಲು ಸಿಡಿಲು, ಗಾಳಿ, ಆಮ್ಲಗಳ ವಿಷಯ.

ನಂತರ ಉಪನ್ಯಾಸಗಳು. ಫ್ಲೀಟ್ ಬೀದಿಯ ಹತ್ತಿರ ಜಾನ್ ಟೇಟಮ್ ಎಂಬವರು ತಮ್ಮ ಮನೆಯಲ್ಲೇ ಸಂಜೆ ಹೊತ್ತು ವಿಜ್ಞಾನದ ಪಾಠ ಹೇಳುತ್ತಿದ್ದರು. ಒಂದು ಪಾಠಕ್ಕೆ ಒಂದು ಶಿಲಿಂಗ್. ಕಲಿಕೆಯ ಹುಡುಗನ ಕೈಯಲ್ಲಿ ಶಿಲಿಂಗ್ ಎಲ್ಲಿಂದ ಬರಬೇಕು? ಅಪ್ಪನಂತೆ ಕಮ್ಮಾರನಾಗಿದ್ದ ಅಣ್ಣ ರಾಬರ್ಟ್ ದುಡ್ಡು ಕೊಟ್ಟ. ಟೇಟಮ್ ತೋರಿಸುವ ಉಪಕರಣಗಳ ಚಿತ್ರ ಬರೆಯಲು ಮೈಕೆಲ್‌ಗೆ ಬರುತ್ತಿರಲಿಲ್ಲ. ರೀಬೋ ಅವರ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕರಿಯೆ ಎಂಬ ಫ್ರೆಂಚ್ ಚಿತ್ರಕಾರರ ಬೂಟು ಪಾಲಿಷ್ ಮಾಡಿ, ಕೋಣೆ ಗುಡಿಸಿ, ಅದಕ್ಕೆ ಬದಲಾಗಿ ಚಿತ್ರ ಬರೆಯುವುದನ್ನು ಕಲಿತ. ಟೇಟಮ್ ಪಾಠಗಳ ನೋಟ್ಸ್ ನಾಲ್ಕು ಸಂಪುಟವಾಯಿತು. ತಾನೇ ಬೈಂಡ್ ಮಾಡಿ ರೀಬೋ ಅವರಿಗೆ ಅರ್ಪಣೆ ಮಾಡಿದ. ರೀಬೋ ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆ ಹೆಮ್ಮೆಯಿಂದ ತೋರಿಸುತ್ತಿದ್ದರು.

ಅಂಥ ಗಿರಾಕಿಗಳಲ್ಲಿ ಒಬ್ಬರು ವಿಲಿಯಂ ಡಾನ್ಸ್. ಅವರು ರಾಯಲ್ ಇನ್‌ಸ್ಟಿಟ್ಯೂಶನ್ನಿನ ಸದಸ್ಯರು. ಆ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಮಾಡುತ್ತಿದ್ದ ಭಾಷಣಗಳನ್ನು ಕೇಳಲು ಲಂಡನ್ನಿನ ಶ್ರೀಮಂತರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸೋಡಿಯಂ, ಪೊಟ್ಯಾಸಿಯಂ ಲೋಹಗಳನ್ನು ಬೇರ್ಪಡಿಸಿದ ದೊಡ್ಡ ವಿಜ್ಞಾನಿ ಡೇವಿ. ಡಾನ್ಸ್ ಕೊಟ್ಟ ಟಿಕೆಟ್ಟಿನಿಂದ 1812ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೈಕೆಲ್ ಡೇವಿಯವರ ನಾಲ್ಕು ಭಾಷಣ ಕೇಳಿದ. ಕುಳಿತ ಜಾಗ ಮೇಲಿನ ಗ್ಯಾಲರಿ, ಗಡಿಯಾರದ ನೇರಕ್ಕೆ.

ಅವನು ನೋಟ್ಸ್ ಬರೆದ ಕ್ರಮವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನಂತರ ಒಬ್ಬ ಗೆಳೆಯನಿಗೆ ಅದನ್ನು ಅವನೇ ವಿವರಿಸಿದ್ದಾನೆ, ಆದ್ದರಿಂದ ಊಹೆ ಮಾಡಬೇಕಾಗಿಲ್ಲ. ಭಾಷಣ ನಡೆಯುವಾಗ ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿರಲಿಲ್ಲ. ಎದ್ದು ಕಾಣುವ ಮಾತುಗಳು, ಚಿಕ್ಕದಾದರೂ ಮುಖ್ಯವಾದ ವಾಕ್ಯಗಳು, ಮಾಡಿ ತೋರಿಸಿದ ಪ್ರಯೋಗದ ಹೆಸರು, ವಸ್ತುವಿನ ಹೆಸರು, ಆಮೇಲೆ ನೆನಪು ಎಳೆಯಲು ಸಹಾಯವಾಗುವ ಸುಳಿವುಗಳು, ಇಷ್ಟೇ. ಕಣ್ಣು ಮೇಜಿನ ಮೇಲೆ ನಡೆಯುತ್ತಿದ್ದ ಪ್ರಯೋಗದ ಕಡೆ ಇರಬೇಕಲ್ಲ. ಮನೆಗೆ ಬಂದು ಅದೇ ಸುಳಿವುಗಳಿಂದ ಎರಡನೇ ನೋಟ್ಸ್ ಬರೆಯುತ್ತಿದ್ದ. ಇದು ಮೊದಲಿನದಕ್ಕಿಂತ ದೊಡ್ಡದು, ಸ್ಪಷ್ಟ, ಒಂದಕ್ಕೊಂದು ಸಂಬಂಧ ಇರುವಂಥದ್ದು. ಯಾವುದು ಮೊದಲು ಬಂತು, ಯಾವುದು ನಂತರ ಎಂಬ ಕ್ರಮ ಇದರಿಂದ ಸಿಗುತ್ತಿತ್ತು. ಈ ಎರಡನೆಯದನ್ನು ಎದುರಿಗಿಟ್ಟುಕೊಂಡು, ಒಂದೊಂದು ಅಂಶದ ಕೆಳಗೆ ಡೇವಿ ಏನು ಹೇಳಿದ್ದರು ಎಂಬುದನ್ನು ನೆನಪಿನಿಂದಲೇ ತೆಗೆದು ಇಡೀ ಭಾಷಣವನ್ನು ಕರಡಾಗಿ ಬರೆಯುತ್ತಿದ್ದ. ಕೊನೆಯಲ್ಲಿ ಶುದ್ಧ ಪ್ರತಿ, ಚಿತ್ರಗಳ ಸಮೇತ.

ಈ ಕ್ರಮದಲ್ಲಿ ಕಷ್ಟದ ಜಾಗ ಯಾವುದು ನೋಡಿ. ಪಾಠ ಕೇಳುವಾಗ ಬರೆಯುವುದು ಸುಲಭ, ಶುದ್ಧ ಪ್ರತಿ ತೆಗೆಯುವುದೂ ಸುಲಭ. ಮಧ್ಯದಲ್ಲಿ ನಾಲ್ಕು ಪದ ಮಾತ್ರ ಎದುರಿಗಿದ್ದು, ಉಳಿದದ್ದು ತಲೆಯಿಂದ ಬರಬೇಕಾದ ಹೊತ್ತು ಕಷ್ಟ. ಕ್ಲೋರಿನ್ ಒಂದು ಮೂಲವಸ್ತು ಎಂದು ಡೇವಿ ಯಾಕೆ ಹೇಳಿದರು ಎಂಬುದು ಅರ್ಥವಾಗಿದ್ದರೆ ಆ ಜಾಗ ತುಂಬುತ್ತದೆ, ಅರ್ಥವಾಗದಿದ್ದರೆ ಖಾಲಿ ಉಳಿಯುತ್ತದೆ, ಯಾವುದು ಗೊತ್ತಿಲ್ಲ ಎಂಬುದು ಆಗಲೇ ಕಣ್ಣಿಗೆ ಕಾಣುತ್ತದೆ. ನಮ್ಮ ಪಿಯುಸಿಯಲ್ಲಿ ನೋಟ್ಸ್ ಎಂದರೆ ಬೋರ್ಡಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುವ ಒಂದು ವಸ್ತು. ಅದು ಇಡೀ ದಾರಿಯಲ್ಲಿ ಯಾರ ತಲೆಯೊಳಗೂ ಹಾದುಹೋಗದೆ ಪ್ರಯಾಣ ಮಾಡಬಲ್ಲದು. ಅಕೌಂಟೆನ್ಸಿಯವರಿಗೆ ಫ್ಯಾರಡೆಯ ಕ್ರಮ ಬೇಗ ಅರ್ಥವಾಗುತ್ತದೆ. ವೋಚರ್‌ನಿಂದ ಜರ್ನಲ್, ಜರ್ನಲ್‌ನಿಂದ ಲೆಡ್ಜರ್. ಒಂದೇ ವ್ಯವಹಾರವನ್ನು ಎರಡು ಸಲ ಯಾಕೆ ಬರೆಯಬೇಕು ಎಂದು ಮೊದಲ ತಿಂಗಳು ನಾವೆಲ್ಲ ಗೊಣಗುತ್ತೇವೆ. ಲೆಡ್ಜರ್‌ಗೆ ಹಾಕುವಾಗಲೇ ಅಲ್ಲವೇ ಯಾವ ಮೊತ್ತ ಯಾವ ಖಾತೆಗೆ ಸೇರಿದ್ದು ಎಂದು ಯೋಚನೆ ಮಾಡುವುದು?

ಹೀಗೆ ತಯಾರಾದ ಡೇವಿ ಭಾಷಣಗಳ ಪುಸ್ತಕ 386 ಪುಟ. ನಾಲ್ಕೇ ಭಾಷಣಕ್ಕೆ! ಚಿತ್ರಗಳಿವೆ, ಕೊನೆಯಲ್ಲಿ ವಿಷಯಸೂಚಿಯೂ ಇದೆ. ಜಿಲ್ದ್‌ಸಾಜ್‌ನ ಕೈ ಆದ್ದರಿಂದ ಹೊಲಿಗೆಯೂ ಅವನದೇ.

ಆದರೆ ಪುಸ್ತಕ ಬರೆದ ಕೂಡಲೇ ಜೀವನ ಬದಲಾಗಲಿಲ್ಲ. ವಿಜ್ಞಾನದಲ್ಲಿ ಎಷ್ಟೇ ಕೆಳಗಿನ ಕೆಲಸವಾದರೂ ಸರಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಅಕ್ಟೋಬರ್‌ನಲ್ಲಿ ಕಲಿಕೆಯ ಏಳು ವರ್ಷ ಮುಗಿದು, ಡಿ ಲಾ ರೋಶ್ ಎಂಬ ಸಿಟ್ಟಿನ ಸ್ವಭಾವದ ಬೈಂಡರ್ ಹತ್ತಿರ ಕೂಲಿಗೆ ಹೋದ. ಆ ಸಮಯದಲ್ಲೇ ಡೇವಿಯವರ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಅವರ ಕಣ್ಣಿಗೆ ಪೆಟ್ಟಾಯಿತು. ಬರೆಯಲು ಯಾರಾದರೂ ಬೇಕಾಯಿತು, ಕೆಲವು ದಿನ ಮೈಕೆಲ್ ಆ ಕೆಲಸ ಮಾಡಿದ. ಡಿಸೆಂಬರ್‌ನಲ್ಲಿ ತಾನು ಬರೆದ ನೋಟ್ಸ್ ಪುಸ್ತಕವನ್ನು ಕೆಲಸ ಕೇಳುವ ಪತ್ರದ ಜೊತೆ ಡೇವಿಗೆ ಕಳಿಸಿದ. ಡೇವಿ ಸಂತೋಷಪಟ್ಟರು, ಕರೆದು ಮಾತನಾಡಿಸಿದರು, ಆದರೆ ಕೆಲಸ ಖಾಲಿ ಇಲ್ಲ, ಬೈಂಡಿಂಗ್ ಬಿಡಬೇಡ ಎಂದು ಬುದ್ಧಿ ಹೇಳಿದರು. ಕೆಲವು ವಾರಗಳ ನಂತರ ಪ್ರಯೋಗಾಲಯದ ಸಹಾಯಕ ಜಗಳವಾಡಿ ಕೆಲಸ ಕಳೆದುಕೊಂಡ. ಡೇವಿಗೆ ನೆನಪಾದದ್ದು 386 ಪುಟದ ಹುಡುಗ. 1813ರ ಮಾರ್ಚ್ 1ರಂದು ನೇಮಕವಾಯಿತು. ವಾರಕ್ಕೆ 25 ಶಿಲಿಂಗ್, ಕಟ್ಟಡದ ಮೇಲ್ಗಡೆ ಎರಡು ಕೋಣೆ, ಇದ್ದಿಲು, ಮೇಣದಬತ್ತಿ.

ಅದೇ ವರ್ಷದ ಅಕ್ಟೋಬರ್‌ನಿಂದ ಒಂದೂವರೆ ವರ್ಷ ಡೇವಿ ದಂಪತಿಗಳ ಜೊತೆ ಯುರೋಪ್ ಪ್ರವಾಸ. ಪ್ಯಾರಿಸ್‌ನಲ್ಲಿ ಆಂಪಿಯರ್, ಮಿಲಾನ್‌ನಲ್ಲಿ ವೋಲ್ಟಾ ಅವರನ್ನು ಕಂಡದ್ದು, ಫ್ಲಾರೆನ್ಸ್‌ನಲ್ಲಿ ದೊಡ್ಡ ಮಸೂರದಿಂದ ವಜ್ರವನ್ನು ಸುಟ್ಟದ್ದು, ಎಲ್ಲ ಅವರ ಪ್ರವಾಸದ ದಿನಚರಿಯಲ್ಲಿ ಇದೆ. ಡೇವಿಯವರ ಪತ್ನಿ ಅವರನ್ನು ಮನೆಯಾಳಿನಂತೆ ನಡೆಸಿಕೊಂಡರು. ಬೇಸರವಾದರೂ ಬಿಟ್ಟು ಬರಲಿಲ್ಲ.

ಲಂಡನ್ನಿಗೆ ಮರಳಿದ ಮೇಲೆ ಫ್ಯಾರಡೆ ಡೇವಿಯ ಸಹಾಯಕನಿಂದ ಸ್ವತಂತ್ರ ವಿಜ್ಞಾನಿಯಾಗಿ ಬೆಳೆದದ್ದು ನಿಧಾನವಾಗಿ. 1821ರಲ್ಲಿ ಒಂದು ಪತ್ರಿಕೆಗಾಗಿ ವಿದ್ಯುತ್ಕಾಂತತೆಯ ಚರಿತ್ರೆಯನ್ನು ಬರೆದುಕೊಡುವ ಕೆಲಸ ಬಂತು. ಬೇರೆಯವರ ಲೇಖನಗಳನ್ನು ಓದಿ ಸಾರಾಂಶ ಬರೆದರೆ ಸಾಕಿತ್ತು. ಫ್ಯಾರಡೆ ಅವರು ಓದಿದ ಪ್ರಯೋಗಗಳನ್ನು ತಾವೇ ಮತ್ತೆ ಮಾಡಿ ನೋಡುತ್ತಾ ಬರೆದರು. ಹಾಗೆ ಮಾಡುತ್ತಿದ್ದಾಗಲೇ, ಆ ಸೆಪ್ಟೆಂಬರ್‌ನಲ್ಲಿ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದರು. ಇಂದಿನ ಫ್ಯಾನ್, ಮಿಕ್ಸಿಗಳ ಮೋಟಾರಿನ ಮೂಲ ಅದು. ಅದೇ ವರ್ಷ ಸಾರಾ ಬರ್ನಾರ್ಡ್ ಅವರೊಂದಿಗೆ ಮದುವೆಯಾಗಿತ್ತು.

1822ರಲ್ಲಿ ಅವರು ಇನ್ನೊಂದು ಬಗೆಯ ನೋಟ್‌ಬುಕ್ ಇಟ್ಟರು. ಇದರಲ್ಲಿ ಗೊತ್ತಿರುವ ಸಂಗತಿಗಳಿಗಿಂತ ಗೊತ್ತಿಲ್ಲದವು ಹೆಚ್ಚು: ಮುಂದೆ ಮಾಡಬೇಕಾದ ಪ್ರಯೋಗಗಳು, ಸುಳಿವುಗಳು, ಪ್ರಶ್ನೆಗಳು. ಯಾವುದಾದರೂ ಬಗೆಹರಿದರೆ ಅದರ ಮೇಲೆ ಗೆರೆ ಎಳೆಯುತ್ತಿದ್ದರು. ಅಯಸ್ಕಾಂತತೆಯನ್ನು ವಿದ್ಯುತ್ತಾಗಿ ಬದಲಿಸಬೇಕು ಎಂಬುದು ಅದರಲ್ಲಿದ್ದ ಒಂದು ಚಿಕ್ಕ ನಮೂದು. ಅದರ ಮೇಲೆ ಗೆರೆ ಎಳೆಯಲು ಒಂಬತ್ತು ವರ್ಷ ಕಾಯಬೇಕಾಯಿತು. 1831ರ ಆಗಸ್ಟ್ 29ರಂದು, ಆರು ಇಂಚು ಅಗಲದ ಕಬ್ಬಿಣದ ಬಳೆಯ ಎರಡು ಬದಿಗೆ ತಂತಿ ಸುತ್ತಿ, ಒಂದು ಬದಿಗೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದು ಬದಿಯ ಮುಳ್ಳು ಅಲುಗಿದ್ದನ್ನು ಕಂಡರು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ಕೆಲವೇ ವಾರಗಳಲ್ಲಿ ಅಯಸ್ಕಾಂತವನ್ನು ಸುರುಳಿಯೊಳಗೆ ತಳ್ಳಿ ವಿದ್ಯುತ್ ತೆಗೆದರು. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ಯಂತ್ರಗಳೂ ಇದೇ ತತ್ವದ ಮೇಲೆ ತಿರುಗಿದವು.

ಪ್ರಯೋಗಾಲಯದ ದಿನಚರಿಯಲ್ಲಿ 1832ರಿಂದ ಅವರು ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ ಹಾಕಲು ಶುರುಮಾಡಿದರು. ವರ್ಷ ಬದಲಾದರೂ, ಪುಸ್ತಕ ಬದಲಾದರೂ ಸಂಖ್ಯೆ ಮತ್ತೆ ಒಂದರಿಂದ ಶುರುವಾಗುವುದಿಲ್ಲ, ಮುಂದುವರಿಯುತ್ತಲೇ ಹೋಗುತ್ತದೆ. ಹಳೆಯ ಯಾವುದೋ ಪ್ರಯೋಗ ಬೇಕಾದರೆ ಸಂಖ್ಯೆ ಹೇಳಿದರೆ ಸಾಕು. ನಮ್ಮ ಜರ್ನಲ್‌ನಲ್ಲಿ ಲೆಡ್ಜರ್ ಫೋಲಿಯೋ ಕಾಲಂ ಇರುತ್ತದಲ್ಲ, ಅರ್ಧ ಕ್ಲಾಸು ಅದನ್ನು ಖಾಲಿ ಬಿಡುತ್ತದೆ, ಅದೇ ಕೆಲಸ. ತಮ್ಮ ಅಚ್ಚಾದ ಸಂಶೋಧನಾ ಲೇಖನಗಳಲ್ಲೂ ಪ್ಯಾರಾಗಳಿಗೆ ಹೀಗೆ ಸಂಖ್ಯೆ ಕೊಟ್ಟರು. ಯಶಸ್ಸು ಕಂಡದ್ದನ್ನು ಮಾತ್ರ ಬರೆಯಲಿಲ್ಲ. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧ ಇದೆಯೇ ಎಂದು 1849ರಲ್ಲಿ ಹುಡುಕಿ ಏನೂ ಸಿಗದಿದ್ದಾಗ ಅದನ್ನೂ ಅಷ್ಟೇ ಶಿಸ್ತಿನಿಂದ ಬರೆದರು, ಪ್ರಕಟಿಸಿದರು ಕೂಡ.

ಇಷ್ಟು ಬರೆಯುವ ಅಗತ್ಯ ಏನಿತ್ತು ಎಂದು ಕೇಳಬಹುದು. ಒಂದು ಕಾರಣ ದುಃಖದ್ದು. ಫ್ಯಾರಡೆಯವರಿಗೆ ಮರೆವು ಇತ್ತು. 1840ರ ಸುಮಾರಿಗೆ ಆರೋಗ್ಯ ಕೆಟ್ಟು, ತಲೆಸುತ್ತು, ದಣಿವು ಹೆಚ್ಚಾಗಿ ಕೆಲಸವನ್ನೇ ನಿಲ್ಲಿಸಬೇಕಾಯಿತು. 1841ರಲ್ಲಿ ವಿಶ್ರಾಂತಿಗೆ ಸ್ವಿಟ್ಜರ್‌ಲೆಂಡ್‌ಗೆ ಹೋದರು. ಬೆಟ್ಟಗಳಲ್ಲಿ ಮೈಲುಗಟ್ಟಲೆ ನಡೆಯುವಷ್ಟು ದೇಹ ಗಟ್ಟಿ ಇತ್ತು, ನೆನಪು ಮಾತ್ರ ಕೈಕೊಡುತ್ತಿತ್ತು. ನಂತರದ ವರ್ಷಗಳಲ್ಲಿ ಒಮ್ಮೆ ವಾರಗಟ್ಟಲೆ ಶ್ರಮಪಟ್ಟು ಕೆಲವು ಫಲಿತಾಂಶ ಪಡೆದರು. ಹಳೆಯ ನೋಟ್ಸ್ ತಿರುವಿದರೆ ಅದೇ ಫಲಿತಾಂಶ ಕೆಲವು ತಿಂಗಳ ಹಿಂದೆ ಅವರದೇ ಕೈಬರಹದಲ್ಲಿ ಇತ್ತು. ಮಾಡಿದ್ದೇ ನೆನಪಿರಲಿಲ್ಲ. ಓದುವಾಗ ನನಗೆ ಅತಿ ಹೆಚ್ಚು ಕಾಡಿದ ಸಂಗತಿ ಇದು. ಇಪ್ಪತ್ತನೇ ವಯಸ್ಸಿನಲ್ಲಿ ನಾಲ್ಕು ಪದದಿಂದ ಒಂದು ಇಡೀ ಭಾಷಣವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಅದೇ ತಲೆ ಇದು.

ಇಮಾಮ್ ಗಝಾಲಿಯವರ ಬಗ್ಗೆ ನಮ್ಮ ಮನೆಗಳಲ್ಲಿ ಹೇಳುವ ಒಂದು ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಓದು ಮುಗಿಸಿ ಊರಿಗೆ ಮರಳುವಾಗ ದರೋಡೆಕೋರರು ಅವರ ಗಂಟು ಕಿತ್ತುಕೊಂಡರಂತೆ. ನೋಟ್ಸ್ ಆದರೂ ಕೊಡಿ, ಅದರಲ್ಲೇ ನನ್ನ ವಿದ್ಯೆ ಇದೆ ಎಂದು ಬೇಡಿದಾಗ, ಕಾಗದ ಹೋದರೆ ಹೋಗುವ ವಿದ್ಯೆ ಎಂಥದ್ದು ಎಂದು ಅವರ ನಾಯಕ ನಕ್ಕನಂತೆ. ನಂತರ ಗಝಾಲಿ ಮೂರು ವರ್ಷ ಕೂತು ಎಲ್ಲವನ್ನೂ ಕಂಠಪಾಠ ಮಾಡಿದರು ಎಂದು ಕಥೆ ಮುಗಿಯುತ್ತದೆ. ಕಥೆ ಚೆನ್ನಾಗಿದೆ, ಆದರೆ ಫ್ಯಾರಡೆಯವರನ್ನು ಓದಿದ ಮೇಲೆ ಆ ದರೋಡೆಕೋರನ ಮಾತಿಗೆ ಪೂರ್ತಿ ತಲೆಯಾಡಿಸಲು ಆಗುವುದಿಲ್ಲ. ತಲೆಯನ್ನೂ ದೋಚಿಕೊಂಡು ಹೋಗುವ ಕಳ್ಳರಿದ್ದಾರೆ, ಕಾಯಿಲೆ, ವಯಸ್ಸು. ಫ್ಯಾರಡೆಯವರಿಂದ ಅವು ಬಹಳಷ್ಟು ಕದ್ದವು, ಸಂಖ್ಯೆ ಹಾಕಿದ ಪುಟಗಳನ್ನು ಮುಟ್ಟಲಾಗಲಿಲ್ಲ. ಹೀಗೆ ಕುಂಟುತ್ತಿದ್ದ ನೆನಪಿನೊಂದಿಗೇ ಅವರು 1845ರಲ್ಲಿ ಅಯಸ್ಕಾಂತವು ಬೆಳಕಿನ ಮೇಲೂ ಪರಿಣಾಮ ಮಾಡುತ್ತದೆ ಎಂದು ತೋರಿಸಿದರು. ಅದಕ್ಕೆ ಬಳಸಿದ ಭಾರವಾದ ಗಾಜು ಹದಿನೈದು ವರ್ಷಗಳ ಹಿಂದೆ ಬೇರೆ ಕೆಲಸಕ್ಕೆಂದು ತಯಾರಿಸಿ ಎತ್ತಿಟ್ಟದ್ದು.

ಅವರಿಗೆ ಗಣಿತ ಹೆಚ್ಚು ಬರುತ್ತಿರಲಿಲ್ಲ. ಅಚ್ಚಾದ ಅವರ ಸಂಪುಟಗಳಲ್ಲಿ ಸಮೀಕರಣಗಳಿಲ್ಲ, ಮಾತು ಮತ್ತು ಚಿತ್ರಗಳೇ. ಕೇಂಬ್ರಿಜ್‌ನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವನ್ನು ಶ್ರದ್ಧೆಯಿಂದ ಓದಿ ಗಣಿತದ ಭಾಷೆಗೆ ತಂದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿದ್ದರಿಂದ ಅದು ಸಾಧ್ಯವಾಯಿತು. ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಮಕ್ಕಳಿಗಾಗಿ ಅವರು ಹತ್ತೊಂಬತ್ತು ವರ್ಷ ಕ್ರಿಸ್‌ಮಸ್ ಉಪನ್ಯಾಸ ಮಾಡಿದರು, ಒಂದು ಮೇಣದಬತ್ತಿಯನ್ನೇ ಇಟ್ಟುಕೊಂಡು ಇಡೀ ರಸಾಯನಶಾಸ್ತ್ರ ಹೇಳಿದ ಸರಣಿ ಇಂದಿಗೂ ಪುಸ್ತಕವಾಗಿ ಸಿಗುತ್ತದೆ. ಸರ್ ಪದವಿ ಕೊಡುತ್ತೇವೆ ಎಂದಾಗ ಬೇಡ ಎಂದರು. 1858ರಲ್ಲಿ ರಾಣಿ ವಿಕ್ಟೋರಿಯಾ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಕೊಟ್ಟ ಮನೆಯನ್ನು ಮಾತ್ರ ಒಪ್ಪಿಕೊಂಡರು. ಅಲ್ಲೇ 1867ರ ಆಗಸ್ಟ್ 25ರಂದು ತೀರಿಕೊಂಡರು.

ದಿನಚರಿಯ ಕೊನೆಯ ಪ್ಯಾರಾದ ಸಂಖ್ಯೆ 16041. ದಿನಾಂಕ 1862ರ ಮಾರ್ಚ್ 12. ಅಂದು ಎಪ್ಪತ್ತು ವರ್ಷದ ಫ್ಯಾರಡೆ ಜ್ವಾಲೆಯೊಂದನ್ನು ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟು ಅದರ ಬೆಳಕಿನ ಗೆರೆಗಳು ಬದಲಾಗುತ್ತವೆಯೇ ಎಂದು ನೋಡಿದರು. ಏನೂ ಕಾಣಲಿಲ್ಲ, ಕಾಣಲಿಲ್ಲ ಎಂದೇ ಬರೆದರು. ಆ ವಿಫಲ ಪ್ರಯೋಗದ ಬಗ್ಗೆ ಮ್ಯಾಕ್ಸ್‌ವೆಲ್ ಬರೆದದ್ದನ್ನು ಮುಂದೆ ಹಾಲೆಂಡಿನ ಪೀಟರ್ ಜೀಮನ್ ಓದಿದರು. ಫ್ಯಾರಡೆಯಂಥವರು ಪ್ರಯತ್ನಿಸಲು ಯೋಗ್ಯ ಎಂದುಕೊಂಡದ್ದನ್ನು ಇನ್ನೊಮ್ಮೆ ನೋಡೋಣ ಎಂದು, ಹೆಚ್ಚು ಸೂಕ್ಷ್ಮವಾದ ಉಪಕರಣ ಇಟ್ಟು, 1896ರಲ್ಲಿ ಅದೇ ಪ್ರಯೋಗ ಮಾಡಿದರು. ಗೆರೆಗಳು ಅಗಲವಾದವು. 1902ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಜೀಮನ್ ಅವರಿಗೆ ಪಾಲು ಸಿಕ್ಕಿತು.